ಉಳುವವನ ಕೈಗೆ ಬೈಬಲ್ ಇತ್ತ ವಿಲಿಯಂ ಟಿಂಡೇಲ್

1536ರ ಅಕ್ಟೋಬರ್ ತಿಂಗಳ ಆರಂಭ. ಇಂದಿನ ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರಕ್ಕೆ ಸಮೀಪದ ವಿಲ್ವೋರ್ಡ್ ಎಂಬ ಊರಿನಲ್ಲಿ ಇಂಗ್ಲೆಂಡಿನ ಪಾದ್ರಿಯೊಬ್ಬನನ್ನು ಕಂಬಕ್ಕೆ ಕಟ್ಟಿ, ಕೊರಳಿಗೆ ಹಗ್ಗ ಬಿಗಿದು ಕೊಂದು, ಅನಂತರ ಶವವನ್ನು ಸುಡಲಾಯಿತು. ಆಗ ಆತನಿಗೆ ಸುಮಾರು 42 ವರ್ಷ. ಹೊರಿಸಲಾಗಿದ್ದ ಆರೋಪ ಧರ್ಮದ್ರೋಹ. ಬೈಬಲನ್ನು ಮೂಲ ಭಾಷೆಗಳಿಂದ ಇಂಗ್ಲಿಷಿಗೆ ತಂದವನು, ಅದರ ಅರ್ಥವನ್ನು ಓದುಗನೇ ಅರಿಯಬಲ್ಲನೆಂದು ನಂಬಿದವನು ಆತ. ಹೆಸರು ವಿಲಿಯಂ ಟಿಂಡೇಲ್.

ಧರ್ಮಗ್ರಂಥದ ಅರ್ಥವನ್ನು ನಿರ್ಣಯಿಸುವ ಅಧಿಕಾರ ಯಾರದು? ಓದುವ ವ್ಯಕ್ತಿಯದೋ, ಪರಂಪರೆಯನ್ನು ಕಾಯ್ದುಕೊಂಡು ಬಂದ ಧರ್ಮಪೀಠದ್ದೋ? ಕ್ರೈಸ್ತ ಜಗತ್ತನ್ನು ಎರಡಾಗಿ ಸೀಳಿದ ಈ ಪ್ರಶ್ನೆ ಟಿಂಡೇಲನ ಬಾಳಿನಷ್ಟು ನಿಚ್ಚಳವಾಗಿ ಕಾಣಿಸಿಕೊಂಡ ನಿದರ್ಶನಗಳು ವಿರಳ.

ನಿಷೇಧದ ನಾಡಿನಲ್ಲಿ

ಟಿಂಡೇಲ್ ಹುಟ್ಟಿದ್ದು ಸುಮಾರು 1494ರಲ್ಲಿ, ಇಂಗ್ಲೆಂಡಿನ ಪಶ್ಚಿಮ ಭಾಗದ ಗ್ಲಾಸ್ಟರ್‌ಶೈರ್ ಪ್ರಾಂತ್ಯದಲ್ಲಿ. ಆಕ್ಸ್‌ಫರ್ಡ್‌ನಲ್ಲಿ ಓದಿ 1515ರಲ್ಲಿ ಸ್ನಾತಕೋತ್ತರ ಪದವಿ ಪಡೆದು ಪಾದ್ರಿಯ ದೀಕ್ಷೆಯನ್ನೂ ಸ್ವೀಕರಿಸಿದ. ಮರುವರ್ಷ, 1516ರಲ್ಲಿ, ಡಚ್ ವಿದ್ವಾಂಸ ಎರಾಸ್ಮಸ್ ಹೊಸ ಒಡಂಬಡಿಕೆಯ ಗ್ರೀಕ್ ಪಾಠವನ್ನು ಅಚ್ಚು ಹಾಕಿಸಿದ. ಸಾವಿರ ವರ್ಷಗಳಿಂದ ಪಶ್ಚಿಮ ಯೂರೋಪು ನೆಚ್ಚಿಕೊಂಡಿದ್ದ ಲ್ಯಾಟಿನ್ ಬೈಬಲನ್ನು ಮೂಲದೊಂದಿಗೆ ಹೋಲಿಸಿ ನೋಡುವ ಅವಕಾಶ ವಿದ್ವಾಂಸರಿಗೆ ಒದಗಿತು.

ಇಂಗ್ಲೆಂಡಿನ ಪರಿಸ್ಥಿತಿ ಮಾತ್ರ ವಿಚಿತ್ರವಾಗಿತ್ತು. ಜಾನ್ ವಿಕ್ಲಿಫ್ ಮತ್ತು ಆತನ ಅನುಯಾಯಿಗಳು 14ನೇ ಶತಮಾನದ ಕೊನೆಯಲ್ಲಿ ಲ್ಯಾಟಿನ್‌ನಿಂದ ಇಂಗ್ಲಿಷಿಗೆ ತಂದ ಬೈಬಲ್ ಕೈಬರಹದ ಪ್ರತಿಗಳಲ್ಲಿ ಹರಡಿತ್ತು. ಇದರಿಂದ ಕಳವಳಗೊಂಡ ಆರ್ಚ್‌ಬಿಷಪ್ ಥಾಮಸ್ ಅರುಂಡೆಲ್, ಬಿಷಪರ ಅನುಮತಿಯಿಲ್ಲದೆ ಬೈಬಲನ್ನು ಇಂಗ್ಲಿಷಿಗೆ ಅನುವಾದಿಸುವುದನ್ನೂ ಅಂಥ ಅನುವಾದಗಳನ್ನು ಓದುವುದನ್ನೂ ನಿಷೇಧಿಸುವ ಶಾಸನವನ್ನು 1409ರಲ್ಲಿ ಜಾರಿಗೆ ತಂದಿದ್ದ. ಜರ್ಮನಿಯಲ್ಲಿ ಲೂಥರನಿಗಿಂತ ಮೊದಲೇ ಜರ್ಮನ್ ಭಾಷೆಯ ಬೈಬಲ್‌ಗಳು ಅಚ್ಚಾಗಿದ್ದವು. ಇಂಗ್ಲೆಂಡಿನಲ್ಲಿ ಒಂದೂ ಇರಲಿಲ್ಲ.

1520ರ ದಶಕದ ಆರಂಭದಲ್ಲಿ ಟಿಂಡೇಲ್ ತನ್ನ ಪ್ರಾಂತ್ಯದ ಶ್ರೀಮಂತ ಜಾನ್ ವಾಲ್ಷ್ ಎಂಬಾತನ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ. ಆ ಮನೆಯ ಊಟದ ಮೇಜಿಗೆ ಬರುತ್ತಿದ್ದ ಹಿರಿಯ ಪಾದ್ರಿಗಳೊಂದಿಗೆ ಆತನಿಗೆ ವಾಗ್ವಾದ ತಪ್ಪುತ್ತಿರಲಿಲ್ಲ. ದೇವರು ಆಯಸ್ಸು ಕೊಟ್ಟರೆ ನೇಗಿಲು ಹೂಡುವ ಹುಡುಗನೂ ಪಾದ್ರಿಗಳಿಗಿಂತ ಹೆಚ್ಚು ಬೈಬಲ್ ತಿಳಿಯುವಂತೆ ಮಾಡುತ್ತೇನೆಂದು ಒಮ್ಮೆ ಆತ ಸವಾಲು ಹಾಕಿದನೆಂದು ಚರಿತ್ರೆಕಾರ ಜಾನ್ ಫಾಕ್ಸ್ ದಾಖಲಿಸಿದ್ದಾನೆ. ಮುಂದಿನ ಬದುಕೆಲ್ಲ ಈ ಸವಾಲನ್ನು ಈಡೇರಿಸುವುದರಲ್ಲೇ ಕಳೆಯಿತು.

ಬಟ್ಟೆಯ ಮೂಟೆಗಳಲ್ಲಿ ಬಂದ ಗ್ರಂಥ

ಟಿಂಡೇಲ್ ಮೊದಲು ತುಳಿದದ್ದು ಕಾನೂನಿನ ಹಾದಿಯನ್ನೇ. 1523ರಲ್ಲಿ ಲಂಡನ್ನಿಗೆ ತೆರಳಿ, ಎರಾಸ್ಮಸ್‌ನ ಸ್ನೇಹಿತನೂ ಗ್ರೀಕ್ ಪಂಡಿತನೂ ಆಗಿದ್ದ ಬಿಷಪ್ ಕತ್ಬರ್ಟ್ ಟನ್‌ಸ್ಟಾಲನ ಆಶ್ರಯ ಬೇಡಿದ. ತನ್ನ ಮನೆಯಲ್ಲಿ ಸ್ಥಳವಿಲ್ಲವೆಂದು ಬಿಷಪ್ ಸಾಗಹಾಕಿದ. ಹಂಫ್ರಿ ಮನ್ಮತ್ ಎಂಬ ಬಟ್ಟೆ ವ್ಯಾಪಾರಿ ಕೆಲಕಾಲ ಆಶ್ರಯವಿತ್ತ. ತನ್ನ ಕೆಲಸಕ್ಕೆ ಇಂಗ್ಲೆಂಡಿನಲ್ಲಿ ಎಲ್ಲಿಯೂ ಎಡೆಯಿಲ್ಲವೆಂಬುದನ್ನು ಮನಗಂಡ ಟಿಂಡೇಲ್ 1524ರಲ್ಲಿ ಜರ್ಮನಿಗೆ ಹಡಗು ಹತ್ತಿದ. ಮತ್ತೆಂದೂ ತಾಯ್ನಾಡಿಗೆ ಮರಳಲಿಲ್ಲ.

1525ರಲ್ಲಿ ಕೊಲೋನ್ ನಗರದಲ್ಲಿ ಹೊಸ ಒಡಂಬಡಿಕೆಯ ಮುದ್ರಣ ಆರಂಭವಾಯಿತು. ಅಚ್ಚುಕೂಟದ ಕೆಲಸಗಾರರಿಗೆ ಮದ್ಯ ಕುಡಿಸಿ ಗುಟ್ಟು ತಿಳಿದುಕೊಂಡ ಯೋಹಾನ್ ಕೋಕ್ಲೇಯಸ್ ಎಂಬ ಪಂಡಿತ ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದ. ಟಿಂಡೇಲ್ ಅಚ್ಚಾದ ಹಾಳೆಗಳನ್ನು ಹೊತ್ತು ರೈನ್ ನದಿಯಲ್ಲಿ ಪಾರಾಗಿ ವರ್ಮ್ಸ್ ನಗರ ಸೇರಿದ. ಅಲ್ಲಿ 1526ರಲ್ಲಿ ಪೂರ್ಣ ಗ್ರಂಥ ಹೊರಬಂದಿತು. ಗ್ರೀಕ್ ಮೂಲದಿಂದ ಇಂಗ್ಲಿಷಿಗೆ ಅನುವಾದಗೊಂಡು ಅಚ್ಚಾದ ಮೊದಲ ಹೊಸ ಒಡಂಬಡಿಕೆ ಇದೇ.

ಚಿಕ್ಕ ಗಾತ್ರದ ಈ ಪುಸ್ತಕಗಳು ಬಟ್ಟೆಯ ಮೂಟೆಗಳಲ್ಲಿ ಅಡಗಿ ಇಂಗ್ಲೆಂಡಿನ ಬಂದರುಗಳನ್ನು ಸೇರಿದವು. ಬಿಷಪ್ ಟನ್‌ಸ್ಟಾಲ್ ಅವುಗಳನ್ನು ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಅಂಗಳದಲ್ಲಿ ಸುಡಿಸಿದ. ಸುಡಲೆಂದೇ ಆತ ಆಂಟ್ವರ್ಪ್‌ನ ವ್ಯಾಪಾರಿಯೊಬ್ಬನ ಮೂಲಕ ಪ್ರತಿಗಳನ್ನು ಖರೀದಿಸಿದನೆಂದೂ ಆ ಹಣದಲ್ಲೇ ಟಿಂಡೇಲ್ ಪರಿಷ್ಕೃತ ಆವೃತ್ತಿಗೆ ದಾರಿ ಮಾಡಿಕೊಂಡನೆಂದೂ ಅಂದಿನ ಚರಿತ್ರೆಕಾರ ಎಡ್ವರ್ಡ್ ಹಾಲ್ ಬರೆದಿದ್ದಾನೆ. 1526ರ ಮುದ್ರಣದ ಮೂರು ಪ್ರತಿಗಳಷ್ಟೇ ಇಂದು ಉಳಿದಿರುವುದು ತಿಳಿದುಬಂದಿದೆ.

ನಾಲ್ಕು ಪದಗಳ ಕಲಹ

ಒಂದು ಅನುವಾದಕ್ಕೆ ಇಷ್ಟೊಂದು ಭಯವೇಕೆ? ಉತ್ತರ ಟಿಂಡೇಲ್ ಆರಿಸಿಕೊಂಡ ಕೆಲವು ಪದಗಳಲ್ಲಿದೆ. ಎಕ್ಲೇಸಿಯ ಎಂಬ ಗ್ರೀಕ್ ಪದಕ್ಕೆ ಆತ ಚರ್ಚ್ ಎನ್ನಲಿಲ್ಲ, ನೆರೆದ ಜನರ ಕೂಟವನ್ನು ಸೂಚಿಸುವ ಕಾಂಗ್ರಿಗೇಶನ್ ಎಂಬ ಪದವನ್ನು ಬಳಸಿದ. ಪ್ರೆಸ್ಬಿಟರ್ ಎಂಬುದು ಪಾದ್ರಿಯಾಗಲಿಲ್ಲ, ಹಿರಿಯನಾಯಿತು. ಮೆಟನೋಯ ಎಂಬುದಕ್ಕೆ ಪಾದ್ರಿಯ ಮುಂದೆ ಪಾಪ ನಿವೇದಿಸಿ ಮಾಡುವ ಪ್ರಾಯಶ್ಚಿತ್ತದ ಅರ್ಥ ಹೋಗಿ, ಮನಸ್ಸು ತಿರುಗುವ ಪಶ್ಚಾತ್ತಾಪದ ಅರ್ಥ ಬಂತು. ದಾನಧರ್ಮದ ಛಾಯೆಯಿದ್ದ ಚಾರಿಟಿಯ ಜಾಗದಲ್ಲಿ ಪ್ರೀತಿ ಕುಳಿತಿತು.

ವ್ಯಾಕರಣದ ದೃಷ್ಟಿಯಿಂದ ಇವು ಸಮರ್ಥನೀಯ ಆಯ್ಕೆಗಳು. ಆದರೆ ಪರಿಣಾಮ ವ್ಯಾಕರಣಕ್ಕಷ್ಟೇ ಸೀಮಿತವಾಗಿರಲಿಲ್ಲ. ಪಾದ್ರಿ, ಪ್ರಾಯಶ್ಚಿತ್ತ ಮತ್ತು ಚರ್ಚು ಎಂಬ ಮೂರು ಕಂಬಗಳ ಮೇಲೆ ನಿಂತಿದ್ದ ಧರ್ಮವ್ಯವಸ್ಥೆಗೆ ಬೈಬಲಿನಲ್ಲಿ ಆಧಾರವೇ ಕಾಣದಂತಾಯಿತು.

ಇದನ್ನು ಸ್ಪಷ್ಟವಾಗಿ ಗುರುತಿಸಿದವನು ಯೂರೋಪಿನ ಶ್ರೇಷ್ಠ ವಿದ್ವಾಂಸರಲ್ಲಿ ಒಬ್ಬನಾದ ಥಾಮಸ್ ಮೋರ್. 1529ರಲ್ಲಿ ಪ್ರಕಟವಾದ ಆತನ ಸಂವಾದ ಗ್ರಂಥಕ್ಕೆ ಟಿಂಡೇಲ್ 1531ರಲ್ಲಿ ಉತ್ತರ ಬರೆದ. ಮೋರ್ 1532 ಮತ್ತು 1533ರಲ್ಲಿ ಬೃಹತ್ ಗಾತ್ರದ ಖಂಡನೆಯನ್ನೇ ಹೊರತಂದ. ಇಬ್ಬರ ಭಾಷೆಯೂ ಕಟುವಾಗಿತ್ತು. ಆದರೂ ಮೋರನ ವಾದವನ್ನು ಹಗುರವಾಗಿ ಕಾಣುವಂತಿಲ್ಲ. ಸುವಾರ್ತೆಗಳು ಬರೆಯಲ್ಪಡುವುದಕ್ಕೆ ಮೊದಲೇ ಕ್ರೈಸ್ತ ಸಭೆ ಇತ್ತು. ಯಾವ ಗ್ರಂಥಗಳು ಬೈಬಲಿಗೆ ಸೇರಬೇಕೆಂದು ಗುರುತಿಸಿದ್ದೂ ಅದೇ ಸಭೆ. ಅಂದಮೇಲೆ ಗ್ರಂಥವನ್ನು ಸಭೆಯಿಂದ ಬೇರ್ಪಡಿಸಿ ಒಬ್ಬೊಬ್ಬನೂ ತನಗೆ ತೋಚಿದ ಅರ್ಥ ಹೇಳುತ್ತ ಹೋದರೆ ಸತ್ಯಕ್ಕೆ ನೆಲೆಯೆಲ್ಲಿ ಎಂಬುದು ಆತನ ಪ್ರಶ್ನೆ. 1525ರಲ್ಲಿ ಜರ್ಮನಿಯ ರೈತರ ದಂಗೆಯಲ್ಲಿ ಹರಿದ ರಕ್ತ ಆತನ ಕಣ್ಣಮುಂದಿತ್ತು. ಬಿಷಪರು ಒಪ್ಪಿದ ಇಂಗ್ಲಿಷ್ ಬೈಬಲಿಗೆ ಆತನ ವಿರೋಧವೂ ಇರಲಿಲ್ಲ.

ಟಿಂಡೇಲನ ನಿಲುವು ಬೇರೆ. ಧರ್ಮಗ್ರಂಥಕ್ಕೆ ಇರುವುದು ಒಂದೇ ಅರ್ಥ, ಅದು ನೇರ ವಾಚ್ಯಾರ್ಥ. ಮಸುಕಾದ ಭಾಗವನ್ನು ಅದೇ ಗ್ರಂಥದ ಸ್ಪಷ್ಟವಾದ ಭಾಗ ಬೆಳಗಿಸುತ್ತದೆ. ಸಭೆ ತಪ್ಪಿದಾಗ ತಿದ್ದಬೇಕಾದದ್ದೂ ಗ್ರಂಥವೇ ಎಂದು ಆತ ವಾದಿಸಿದ. ಆದರೆ ಆತನೂ ಓದುಗನ ಕೈಗೆ ಬರಿಯ ಪಾಠವನ್ನಷ್ಟೇ ಇಡಲಿಲ್ಲವೆಂಬುದು ಗಮನಾರ್ಹ. ಪೀಠಿಕೆಗಳನ್ನೂ ಅಂಚಿನ ಟಿಪ್ಪಣಿಗಳನ್ನೂ ಬರೆದು ಹೇಗೆ ಓದಬೇಕೆಂದು ದಾರಿ ತೋರಿಸಿದ.

ಅರಸನೊಡನೆ, ಗೆಳೆಯನೊಡನೆ

ಪ್ರಜೆಗಳು ಅರಸನಿಗೆ ವಿಧೇಯರಾಗಿರಬೇಕೆಂದು ಪ್ರತಿಪಾದಿಸುವ ಟಿಂಡೇಲನ 1528ರ ಗ್ರಂಥ ದೊರೆ ಎಂಟನೇ ಹೆನ್ರಿಗೆ ಹಿಡಿಸಿತೆಂದು ಪ್ರತೀತಿ. ಆ ಕೃಪೆ ಬಹುಕಾಲ ಉಳಿಯಲಿಲ್ಲ. ಹೆನ್ರಿ ತನ್ನ ರಾಣಿ ಕ್ಯಾಥರೀನಳನ್ನು ತ್ಯಜಿಸಲು ಬೈಬಲಿನ ಆಧಾರ ಹುಡುಕುತ್ತಿದ್ದಾಗ, ಅದೇ ಬೈಬಲನ್ನು ಓದಿದ ಟಿಂಡೇಲ್ 1530ರಲ್ಲಿ ಅದು ಅಧರ್ಮವೆಂದು ಬರೆದ. 1531ರಲ್ಲಿ ಅರಸನ ಕಡೆಯ ಸ್ಟೀಫನ್ ವಾನ್ ಎಂಬಾತ ಆಂಟ್ವರ್ಪ್‌ನ ಹೊರವಲಯದಲ್ಲಿ ಆತನನ್ನು ಕಂಡು ಮರಳಿ ಬರುವಂತೆ ಕೇಳಿದ. ಟಿಪ್ಪಣಿಗಳಿಲ್ಲದ, ಯಾರೇ ಮಾಡಿದ ಅನುವಾದವಾದರೂ ಸರಿ, ಬೈಬಲ್ ಪ್ರಜೆಗಳ ಭಾಷೆಯಲ್ಲಿ ಅವರ ಕೈಸೇರಲು ಅರಸ ಒಪ್ಪಿದರೆ ತಾನು ಲೇಖನಿ ಕೆಳಗಿಟ್ಟು ಶರಣಾಗುವುದಾಗಿ ಟಿಂಡೇಲ್ ತಿಳಿಸಿದ. ಅರಸ ಒಪ್ಪಲಿಲ್ಲ.

1534ರ ಒಂದು ಘಟನೆ ಆತನ ಸಿದ್ಧಾಂತವನ್ನೇ ಪರೀಕ್ಷೆಗೊಡ್ಡಿತು. ಹಿಂದೊಮ್ಮೆ ಸಹೋದ್ಯೋಗಿಯಾಗಿದ್ದ ಜಾರ್ಜ್ ಜಾಯ್, ಟಿಂಡೇಲನ ಅನುವಾದವನ್ನು ಮರುಮುದ್ರಣಕ್ಕಾಗಿ ತಿದ್ದುವಾಗ, ಪುನರುತ್ಥಾನ ಎಂಬ ಪದವನ್ನು ಹಲವೆಡೆ ತೆಗೆದು, ಈ ಬಾಳಿನ ನಂತರದ ಬಾಳು ಎಂಬರ್ಥದ ಮಾತನ್ನು ತನ್ನ ತಿಳಿವಳಿಕೆಯಂತೆ ಸೇರಿಸಿದ. ಟಿಂಡೇಲ್ ಕೆರಳಿದ. ಬೇಕಾದವರು ಸ್ವಂತ ಹೆಸರಿನಲ್ಲಿ ಸ್ವಂತ ಅನುವಾದ ಮಾಡಿಕೊಳ್ಳಲಿ, ತನ್ನದನ್ನು ಮುಟ್ಟಬಾರದೆಂದು ತನ್ನ ಪರಿಷ್ಕೃತ ಆವೃತ್ತಿಯಲ್ಲಿ ಖಾರವಾಗಿ ಬರೆದ. ಮೋರ್ ಮುನ್ಸೂಚಿಸಿದ್ದ ಸಂಕಟ ಹೀಗೆ ಟಿಂಡೇಲನ ಬಾಗಿಲಿಗೇ ಬಂದಿತ್ತು. ಆದರೆ ಆತ ಜಾಯ್‌ನ ಮೇಲೆ ಯಾವ ನ್ಯಾಯಪೀಠವನ್ನೂ ಕರೆಯಲಿಲ್ಲ. ಓದುಗರ ಮುಂದೆ ಕಾರಣಗಳನ್ನಿಟ್ಟು ವಾದಿಸಿದ.

ಸೆರೆಮನೆಯ ಚಳಿ

1535ರ ಮೇ ತಿಂಗಳಲ್ಲಿ ಹೆನ್ರಿ ಫಿಲಿಪ್ಸ್ ಎಂಬ ಯುವಕ ಸ್ನೇಹದ ಸೋಗಿನಲ್ಲಿ ಬಂದು, ಆಂಟ್ವರ್ಪ್‌ನ ಇಂಗ್ಲಿಷ್ ವರ್ತಕರ ವಸತಿಗೃಹದಿಂದ ಟಿಂಡೇಲನನ್ನು ಹೊರಗೆ ಕರೆದೊಯ್ದು ಚಕ್ರವರ್ತಿಯ ಅಧಿಕಾರಿಗಳಿಗೆ ಹಿಡಿದುಕೊಟ್ಟ. ಆಶ್ರಯ ನೀಡಿದ್ದ ವ್ಯಾಪಾರಿ ಥಾಮಸ್ ಪಾಯಿಂಟ್ಸ್ ಬಿಡುಗಡೆಗಾಗಿ ಹೆಣಗಿ ತಾನೇ ಬಂಧನಕ್ಕೊಳಗಾದ. ಟಿಂಡೇಲ್ ವಿಲ್ವೋರ್ಡ್ ಕೋಟೆಯಲ್ಲಿ ಸುಮಾರು 16 ತಿಂಗಳು ಕಳೆದ. ಅಲ್ಲಿಂದ ಲ್ಯಾಟಿನ್‌ನಲ್ಲಿ ಬರೆದ ಪತ್ರವೊಂದು ಉಳಿದುಬಂದಿದೆ. ಚಳಿಗೆ ಬೆಚ್ಚನೆಯ ಟೋಪಿ, ಮೇಲಂಗಿ, ಕತ್ತಲಲ್ಲಿ ಕೂರುವುದು ಬೇಸರವಾದ್ದರಿಂದ ಸಂಜೆಗೊಂದು ದೀಪ, ಎಲ್ಲಕ್ಕಿಂತ ಮಿಗಿಲಾಗಿ ಹೀಬ್ರೂ ಬೈಬಲ್, ವ್ಯಾಕರಣ ಮತ್ತು ನಿಘಂಟು ಬೇಕೆಂಬ ಕೋರಿಕೆ ಅದರಲ್ಲಿದೆ.

ಆತ ಸೆರೆಯಲ್ಲಿದ್ದಾಗಲೇ, 1535ರ ಜುಲೈನಲ್ಲಿ, ಥಾಮಸ್ ಮೋರನ ಶಿರಚ್ಛೇದವಾಯಿತು. ಅರಸನನ್ನು ಇಂಗ್ಲೆಂಡಿನ ಸಭೆಯ ಮುಖ್ಯಸ್ಥನೆಂದು ಒಪ್ಪದಿದ್ದುದೇ ಆತನ ಅಪರಾಧ. ಸಭೆಯ ಅಧಿಕಾರವನ್ನು ಎತ್ತಿಹಿಡಿದವನೂ ಅದನ್ನು ಪ್ರಶ್ನಿಸಿದವನೂ ತಂತಮ್ಮ ಆತ್ಮಸಾಕ್ಷಿಗಾಗಿ ಹದಿನೈದು ತಿಂಗಳ ಅಂತರದಲ್ಲಿ ಪ್ರಾಣ ತೆತ್ತರು. ಕೊನೆಯ ಗಳಿಗೆಯಲ್ಲಿ ಟಿಂಡೇಲ್ ಇಂಗ್ಲೆಂಡಿನ ದೊರೆಯ ಕಣ್ಣು ತೆರೆಸೆಂದು ದೇವರನ್ನು ಪ್ರಾರ್ಥಿಸಿದನೆಂದು ಫಾಕ್ಸ್ ಹೇಳುತ್ತಾನೆ.

ಬೂದಿಯ ನಂತರ

ಮರುವರ್ಷವೇ, 1537ರಲ್ಲಿ, ಟಿಂಡೇಲನ ಅನುವಾದಗಳನ್ನು ಒಳಗೊಂಡ ಪೂರ್ಣ ಬೈಬಲಿಗೆ ದೊರೆಯ ಅನುಮತಿ ದೊರೆಯಿತು. ಆತನ ಹೆಸರು ಮಾತ್ರ ಅದರಲ್ಲಿರಲಿಲ್ಲ. 1539ರಲ್ಲಿ ಬಂದ ಮಹಾ ಬೈಬಲ್ ಇಂಗ್ಲೆಂಡಿನ ಚರ್ಚುಗಳಲ್ಲಿ ಓದಲು ತೆರೆದಿಡಲ್ಪಟ್ಟಿತು. ಅದರ 1541ರ ಆವೃತ್ತಿಯೊಂದರ ಮುಖಪುಟದಲ್ಲಿ ಪರಿಶೀಲಕನಾಗಿ ಕಾಣಿಸುವ ಹೆಸರು ಅದೇ ಟನ್‌ಸ್ಟಾಲನದು!

ಓದುವ ಸ್ವಾತಂತ್ರ್ಯ ಸ್ಥಿರವಾಗಿ ಉಳಿಯಲಿಲ್ಲ. 1543ರ ಕಾನೂನು ಟಿಂಡೇಲನ ಅನುವಾದವನ್ನು ಹೆಸರಿಸಿ ನಿಷೇಧಿಸಿತು. ಸಾಮಾನ್ಯ ಸ್ತ್ರೀಯರು, ಕುಶಲಕರ್ಮಿಗಳು, ಆಳುಗಳು, ಬೇಸಾಯಗಾರರು ಇಂಗ್ಲಿಷ್ ಬೈಬಲ್ ಓದಕೂಡದೆಂದಿತು. ಟಿಂಡೇಲ್ ಮನಸ್ಸಿನಲ್ಲಿಟ್ಟುಕೊಂಡಿದ್ದ ನೇಗಿಲ ಹುಡುಗ ಮತ್ತೆ ಹೊರಗುಳಿದ. 1546ರಲ್ಲಿ ಟ್ರೆಂಟ್ ಧರ್ಮಸಮ್ಮೇಳನ, ಸ್ವಂತ ಬುದ್ಧಿಯನ್ನು ನೆಚ್ಚಿ ಸಭೆಯ ಅರ್ಥಕ್ಕೆ ವಿರುದ್ಧವಾಗಿ ವ್ಯಾಖ್ಯಾನಿಸುವಂತಿಲ್ಲವೆಂದು ವಿಧಿಸಿತು.

1611ರ ಕಿಂಗ್ ಜೇಮ್ಸ್ ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಶೇ 80ಕ್ಕೂ ಹೆಚ್ಚು ಪದಗಳು ಟಿಂಡೇಲನವೇ ಎಂದು 1998ರ ಅಧ್ಯಯನವೊಂದು ಅಂದಾಜಿಸಿದೆ. ಆದರೆ ಎಕ್ಲೇಸಿಯ ಪದಕ್ಕೆ ಚರ್ಚ್ ಎಂದೇ ಬರೆಯಬೇಕೆಂಬ ನಿಯಮವನ್ನು ಆ ಅನುವಾದಕರಿಗೆ ವಿಧಿಸಲಾಗಿತ್ತು. ಕುತೂಹಲದ ಸಂಗತಿಯೆಂದರೆ, ಕನ್ನಡ ಬೈಬಲ್ ಓದುವವರಿಗೆ ಇಂದು ಪರಿಚಿತವಾಗಿರುವ ಸಭೆ, ಸಭೆಯ ಹಿರಿಯರು ಎಂಬ ಪದಗಳು ಟಿಂಡೇಲನ ಆಯ್ಕೆಗೆ ಹತ್ತಿರವಾಗಿವೆ.

ಕಾಲ ಇಬ್ಬರ ವಾದವನ್ನೂ ತುಸು ಹದಗೊಳಿಸಿದೆ. ಎಲ್ಲ ವಿಶ್ವಾಸಿಗಳಿಗೂ ಬೈಬಲ್ ಸುಲಭವಾಗಿ ದೊರೆಯಬೇಕೆಂದು ಎರಡನೇ ವ್ಯಾಟಿಕನ್ ಸಮ್ಮೇಳನ 1965ರಲ್ಲಿ ಘೋಷಿಸಿತು. ಅಧಿಕೃತ ವ್ಯಾಖ್ಯಾನದ ಹೊಣೆಯನ್ನು ಮಾತ್ರ ಸಭೆಯ ಬೋಧನಾಪೀಠದಲ್ಲೇ ಉಳಿಸಿಕೊಂಡಿತು. ಅಸಂಖ್ಯ ಪಂಗಡಗಳಾಗಿ ಒಡೆದ ಪ್ರಾಟೆಸ್ಟಂಟರು ತಮ್ಮದೇ ವಿಶ್ವಾಸಪ್ರಮಾಣಗಳನ್ನೂ ಬೋಧನಾಶಾಲೆಗಳನ್ನೂ ಕಟ್ಟಿಕೊಂಡರು. ಅರ್ಥ ಹೇಳುವವರಾರು ಎಂಬ ಪ್ರಶ್ನೆಗೆ ಒಮ್ಮತದ ಉತ್ತರ ಇನ್ನೂ ದೊರೆತಿಲ್ಲ. ಓದುವುದನ್ನೇ ಅಪರಾಧವೆಂದು ಕಂಡ ಕಾಲ ಮಾತ್ರ ಇಂಗ್ಲೆಂಡಿನಲ್ಲಿ ಮುಗಿಯಿತು. ಅದರ ಬೆಲೆಯನ್ನು ತೆತ್ತವರ ಸಾಲಿನಲ್ಲಿ ಟಿಂಡೇಲನ ಹೆಸರು ಮುಂದಿದೆ.