ಇಟಲಿಗೆ ಅಡುಗೆ ಪುಸ್ತಕ ಕೊಟ್ಟ ರೇಷ್ಮೆ ವ್ಯಾಪಾರಿ

ಬೆಂಗಳೂರು, ಮೈಸೂರಿನ ಹೋಟೆಲುಗಳ ತಿನಿಸುಪಟ್ಟಿಯಲ್ಲಿ ಬೊಲೊನೀಸ್ ಎಂಬ ಹೆಸರಿದ್ದರೆ, ಅದು ಕೆಂಪು ಟೊಮೆಟೊ ಸಾಸಿನಲ್ಲಿ ಮುಳುಗಿದ ಕೈಮ ಎಂದೇ ನಮ್ಮವರ ತಿಳಿವಳಿಕೆ. ಆದರೆ ಇಟಲಿಯ ಬೊಲೊನ್ಯಾ ನಗರದ ಹೆಸರು ಹೊತ್ತ ಈ ಮಾಂಸದ ಸಾಸನ್ನು ಅಚ್ಚಿನ ಮೂಲಕ ಮನೆಮನೆಗೆ ಮುಟ್ಟಿಸಿದ ಪುಸ್ತಕದ ಆ ಪಾಕದಲ್ಲಿ ಟೊಮೆಟೊದ ಸುಳಿವೇ ಇಲ್ಲ. ಪುಸ್ತಕ ಬರೆದಾತ ವೃತ್ತಿಯಿಂದ ಬಾಣಸಿಗನೂ ಅಲ್ಲ. ಆತ ರೇಷ್ಮೆಯ ವ್ಯಾಪಾರ ಮಾಡಿ ಹಣ ಗಳಿಸಿದ, ಮದುವೆಯಾಗದ, ಸಾಹಿತ್ಯದ ಹುಚ್ಚಿದ್ದ ಗೃಹಸ್ಥ. ಹೆಸರು ಪೆಲ್ಲೆಗ್ರಿನೊ ಅರ್ತೂಸಿ.

ಅರ್ತೂಸಿ ಹುಟ್ಟಿದ್ದು 1820ರ ಆಗಸ್ಟ್ 4ರಂದು, ರೊಮಾನ್ಯಾ ಪ್ರಾಂತದ ಫೋರ್ಲಿಂಪೋಪೊಲಿ ಎಂಬ ಸಣ್ಣ ಪಟ್ಟಣದಲ್ಲಿ. ತಂದೆಗೆ ದಿನಸಿ ಅಂಗಡಿಯಿತ್ತು, ಕೈತುಂಬ ವ್ಯಾಪಾರವಿತ್ತು. ಮಗನೂ ಅದೇ ದಾರಿ ಹಿಡಿದ. ಆಗ ಇಟಲಿ ಎಂಬ ಒಂದು ದೇಶವೇ ಇರಲಿಲ್ಲ. ರೊಮಾನ್ಯಾ ಪೋಪರ ಆಳ್ವಿಕೆಗೆ ಸೇರಿತ್ತು. 1850ರಲ್ಲಿ ಬೊಲೊನ್ಯಾದ ಒಂದು ಊಟದ ಮನೆಯಲ್ಲಿ ಕ್ರಾಂತಿಯ ಮಾತಾಡುತ್ತಿದ್ದ ತರುಣರ ಗುಂಪಿನ ಪಕ್ಕದಲ್ಲಿ ಕುಳಿತಿದ್ದನ್ನು ಆತ ಮುಂದೆ ತನ್ನ ಪುಸ್ತಕದಲ್ಲಿ ನೆನೆದಿದ್ದಾನೆ. ಆ ಗುಂಪಿನಲ್ಲಿದ್ದ ಫೆಲಿಚೆ ಒರ್ಸೀನಿ 1858ರಲ್ಲಿ ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ನನ ಮೇಲೆ ಬಾಂಬು ಎಸೆದು ಮರಣದಂಡನೆಗೆ ಗುರಿಯಾದ. ಅಂದು ಅರ್ತೂಸಿಯ ಗಮನವೆಲ್ಲ ಬರಲಿದ್ದ ಮಕರೋನಿಯ ತಟ್ಟೆಯ ಮೇಲಿತ್ತು!

ಇಷ್ಟರಲ್ಲೇ ಆ ಕುಟುಂಬದ ನೆಮ್ಮದಿ ಮುಗಿಯಿತು. 1851ರ ಜನವರಿ 25ರ ರಾತ್ರಿ 'ಪಸ್ಸತೋರೆ' ಎಂಬ ಅಡ್ಡಹೆಸರಿನ ದರೋಡೆಕೋರ ಸ್ತೆಫಾನೊ ಪೆಲ್ಲೋನಿ ತನ್ನ ತಂಡದೊಂದಿಗೆ ಪಟ್ಟಣಕ್ಕೆ ನುಗ್ಗಿದ. ನಾಟಕ ನೋಡಲು ರಂಗಮಂದಿರದಲ್ಲಿ ಸೇರಿದ್ದ ಸಿರಿವಂತರನ್ನು ಅಲ್ಲಿಯೇ ಒತ್ತೆಯಿಟ್ಟು, ಮನೆಗಳನ್ನು ಒಂದೊಂದಾಗಿ ದೋಚಲಾಯಿತು. ಅರ್ತೂಸಿಯ ಮನೆಯೂ ಉಳಿಯಲಿಲ್ಲ. ಆ ರಾತ್ರಿ ದುರುಳರ ಕೈಗೆ ಸಿಕ್ಕ ತಂಗಿ ಗೆರ್ತ್ರೂದೆಯ ಮನಸ್ಸು ಮತ್ತೆ ಚೇತರಿಸಿಕೊಳ್ಳಲಿಲ್ಲ. ಆಕೆಯ ಬಾಳು ಮಾನಸಿಕ ಚಿಕಿತ್ಸಾಲಯದಲ್ಲಿ ಕಳೆಯಿತು. ಆಮೇಲೆ ಕುಟುಂಬ ಊರು ಬಿಟ್ಟು ಫ್ಲಾರೆನ್ಸ್ ಸೇರಿತು. ಪುಸ್ತಕದಲ್ಲಿ ನಗೆಚಾಟಿಕೆಯಿಂದಲೇ ಮಾತಾಡುವ ಅರ್ತೂಸಿಯನ್ನು ಓದುವಾಗ ಈ ಸಂಗತಿ ತಿಳಿದಿರುವುದು ಒಳ್ಳೆಯದು.

ಫ್ಲಾರೆನ್ಸಿನಲ್ಲಿ ರೇಷ್ಮೆ ವ್ಯಾಪಾರ ಕೈಹಿಡಿಯಿತು. (ರೇಷ್ಮೆಗೂ ಊರಿನ ಸಿರಿಗೂ ಇರುವ ನಂಟನ್ನು ಮೈಸೂರು, ಟಿ. ನರಸೀಪುರದ ಓದುಗರಿಗೆ ಹೇಳಬೇಕಾಗಿಲ್ಲ.) ಸಾಕಷ್ಟು ಗಳಿಸಿದ ಮೇಲೆ ಆತ ವ್ಯಾಪಾರದಿಂದ ನಿವೃತ್ತನಾಗಿ ದಜೇಲಿಯೊ ಚೌಕದ ಮನೆಯಲ್ಲಿ ನೆಲೆಸಿದ. ಕವಿ ಊಗೊ ಫೋಸ್ಕೊಲೊನ ಜೀವನಚರಿತ್ರೆ ಬರೆದು 1878ರಲ್ಲಿ ಪ್ರಕಟಿಸಿದ. ಅದನ್ನು ಇಂದು ಓದುವವರು ವಿರಳ. ಜೊತೆಗಿದ್ದವರು ಸ್ವಂತ ಊರಿನವನೇ ಆದ ಅಡುಗೆಯವ ಫ್ರಾಂಚೆಸ್ಕೊ ರುಫಿಲ್ಲಿ, ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಮರಿಯೆತ್ತಾ ಸಬಾತೀನಿ ಮತ್ತು ಎರಡು ಬೆಕ್ಕುಗಳು. ಆ ಅಡುಗೆಮನೆಯಲ್ಲಿ ಒಂದೊಂದು ಪಾಕವೂ ಪರೀಕ್ಷೆಗೆ ಒಳಗಾಯಿತು. ಹೇಳಿದವನು ಅರ್ತೂಸಿ, ಬೇಯಿಸಿದವರು ಆ ಇಬ್ಬರು.

ಪುಸ್ತಕ ಸಿದ್ಧವಾದಾಗ ಪ್ರಕಾಶಕರು ಮೂಗು ಮುರಿದರು. ವಿದ್ವಾಂಸನಾದ ಗೆಳೆಯನೊಬ್ಬ ಇದು ನಡೆಯದು ಎಂದು ಭವಿಷ್ಯ ನುಡಿದ. ಅರ್ತೂಸಿ 1891ರಲ್ಲಿ ಸ್ವಂತ ಖರ್ಚಿನಿಂದ ಸಾವಿರ ಪ್ರತಿ ಅಚ್ಚುಹಾಕಿಸಿ, ಬೆಕ್ಕುಗಳಿಗೆ ಅರ್ಪಿಸಿದ. ಆಗ ಅದರಲ್ಲಿದ್ದ ಪಾಕಗಳು 475. ಹುಟ್ಟೂರಿನ ದತ್ತಿ ಮೇಳಕ್ಕೆಂದು ಎರಡು ಪ್ರತಿ ಕಳುಹಿಸಿದರೆ, ಲಾಟರಿಯಲ್ಲಿ ಗೆದ್ದವರು ಅದನ್ನು ಹಾಸ್ಯಮಾಡಿ ತಂಬಾಕಿನಂಗಡಿಗೆ ಮಾರಿಬಿಟ್ಟರು. ಮೊದಲ ಮುದ್ರಣ ಖರ್ಚಾಗಲು ನಾಲ್ಕು ವರ್ಷ ಹಿಡಿಯಿತು. ಆಮೇಲೆ ಮನೆಗೆಲಸದ ಹೆಂಗಸರು, ಗೃಹಿಣಿಯರು ಪತ್ರ ಬರೆದು ತಿದ್ದುಪಡಿ ಸೂಚಿಸಿದರು, ತಮ್ಮ ಕೈರುಚಿಯನ್ನೂ ಕಳುಹಿಸಿದರು. 1911ರ ವೇಳೆಗೆ ಪಾಕಗಳ ಸಂಖ್ಯೆ 790ಕ್ಕೆ ಏರಿತ್ತು.

ಬೊಲೊನ್ಯಾ ಶೈಲಿಯ ಮಕರೋನಿಯ ಪಾಕ ಅವುಗಳಲ್ಲೊಂದು. ತೆಳುಕರುವಿನ ಮಾಂಸ 150 ಗ್ರಾಂ, ಉಪ್ಪು ಹಚ್ಚಿ ಒಣಗಿಸಿದ ಹಂದಿಮಾಂಸ 50 ಗ್ರಾಂ, ಬೆಣ್ಣೆ 40 ಗ್ರಾಂ, ಈರುಳ್ಳಿಯ ಕಾಲುಭಾಗ, ಅರ್ಧ ಕ್ಯಾರೆಟ್, ಗೇಣುದ್ದದ ಎರಡು ಸೆಲರಿ ದಂಟು, ಚಿಟಿಕೆಗಿಂತ ಕಡಿಮೆ ಹಿಟ್ಟು, ಸಣ್ಣ ಪಾತ್ರೆಯಷ್ಟು ಮಾಂಸದ ರಸ. ಎಲ್ಲವನ್ನೂ ಸಣ್ಣಗೆ ಕೊಚ್ಚಿ, ಮಾಂಸ ಕೆಂಪೇರುವವರೆಗೆ ಬಾಡಿಸಿ, ಹಿಟ್ಟು ಉದುರಿಸಿ, ರಸ ಹೊಯ್ದು ಬೇಯಿಸಬೇಕು. ಮೆಣಸು ಸಾಕು, ಜಾಯಿಕಾಯಿ ಬೇಕಿದ್ದವರಿಗೆ. ಒಣ ಅಣಬೆ ಹಾಕಬಹುದು, ಕೊನೆಯಲ್ಲಿ ಅರ್ಧ ಲೋಟ ಕೆನೆ ಸೇರಿಸಿದರೆ ಇನ್ನೂ ಸೊಗಸು. ಟೊಮೆಟೊ ಆಮೇಲೆ ಬಂದು ಸೇರಿಕೊಂಡಿತು. ಬೊಲೊನ್ಯಾದ ವಾಣಿಜ್ಯ ಮಂಡಳಿಯಲ್ಲಿ 1982ರಲ್ಲಿ ವಿಧಿವತ್ತಾಗಿ ದಾಖಲಿಸಿದ ಪಾಕದಲ್ಲಿ ಅದಕ್ಕೂ, ವೈನಿಗೂ, ಹಾಲಿಗೂ ಜಾಗವಿದೆ.

ನಂಜನಗೂಡಿನ ಬಳಿಯ ಕಳಲೆಯಂಥ ಊರಿನಲ್ಲಿ ಕುಳಿತೂ ಇದನ್ನು ಮಾಡಲಡ್ಡಿಯಿಲ್ಲ. ಕರುವಿನ ಬದಲು ಕುರಿಯ ಮಾಂಸವನ್ನು ನಾವು ಕೈಮದುಂಡೆಗೆ ಕೊಚ್ಚಿಸುವಷ್ಟೇ ನುಣ್ಣಗೆ ಕೊಚ್ಚಿಸಿ, ಹಂದಿಮಾಂಸ ಬೇಡವಾದರೆ ಬೆಣ್ಣೆಯನ್ನು ತುಸು ಹೆಚ್ಚಿಸಿದರಾಯಿತು. ರುಚಿ ಅದೇ ಆಗದು, ಆದರೆ ವಿಧಾನ ಅದೇ. ಕೆಡುವುದು ಆತುರದಲ್ಲಿ. ಒಲೆಯನ್ನು ಸಣ್ಣಗಿಟ್ಟು, ರಸವನ್ನು ಆಗಾಗ ಸ್ವಲ್ಪಸ್ವಲ್ಪವೇ ಹೊಯ್ಯುತ್ತ ಎರಡು ಗಂಟೆಯಾದರೂ ಕಾಯಬೇಕು. ಕುಕ್ಕರಿನ ನಾಲ್ಕು ಸೀಟಿಗೆ ಮಾಂಸ ಬೆಂದೀತು, ಸಾಸ್ ಕೂಡಿಬಾರದು. ಶುಂಠಿ, ಬೆಳ್ಳುಳ್ಳಿ, ಗರಂ ಮಸಾಲೆಯ ಕಡೆಗೆ ಕೈ ಹೋಗದಂತೆ ತಡೆಯುವುದೇ ನಮ್ಮವರಿಗೆ ಕಷ್ಟ.

1861ರಲ್ಲಿ ಒಂದಾದ ಇಟಲಿಯಲ್ಲಿ ಜನರ ಆಡುನುಡಿ ಊರಿಗೊಂದು ಬಗೆ. ಸಿರಿವಂತರ ಅಡುಗೆಯ ಮಾತು ಫ್ರೆಂಚ್‌ಮಯ. ಅರ್ತೂಸಿ ಬರೆದದ್ದು ಗೃಹಿಣಿಗೂ ಅರ್ಥವಾಗುವ ಇಟಾಲಿಯನ್ನಿನಲ್ಲಿ, ಪ್ರಾಂತದ ಪದಗಳಿಗೆ ಅರ್ಥಕೋಶವನ್ನೂ ಕೊಟ್ಟು. ದೇಶವನ್ನು ಒಗ್ಗೂಡಿಸುವ ಕೆಲಸದಲ್ಲಿ ಈ ಪುಸ್ತಕ ಮಂಜೋನಿಯ ಹೆಸರಾಂತ ಕಾದಂಬರಿಗಿಂತ ಮುಂದೆ ಹೋಯಿತೆಂದು ವಿದ್ವಾಂಸ ಪಿಯೆರೊ ಕಂಪೊರೆಸಿ 1970ರಲ್ಲಿ ವಾದಿಸಿದ. ತುಸು ಉತ್ಪ್ರೇಕ್ಷೆಯೆನಿಸಿದರೂ ತಳ್ಳಿಹಾಕುವಂತಿಲ್ಲ.

ಅರ್ತೂಸಿ 1911ರ ಮಾರ್ಚ್ 30ರಂದು, 90ನೆಯ ವಯಸ್ಸಿನಲ್ಲಿ ಫ್ಲಾರೆನ್ಸಿನಲ್ಲಿ ತೀರಿಕೊಂಡ. ಪುಸ್ತಕ ಮಾರಿ ನಕ್ಕಿದ್ದ ಹುಟ್ಟೂರಿಗೇ ಆಸ್ತಿ ಬಿಟ್ಟುಹೋದ. 2007ರಲ್ಲಿ ಆ ಊರು ಆತನ ಹೆಸರಿನಲ್ಲಿ ಮನೆಯಡುಗೆಯ ಕೇಂದ್ರವೊಂದನ್ನು ತೆರೆಯಿತು. ಪುಸ್ತಕದ ಹಕ್ಕುಗಳು ಮಾತ್ರ ಬಂಧುಗಳಿಗೆ ಹೋಗಲಿಲ್ಲ. ಮರಣಶಾಸನದಲ್ಲಿ ಅವುಗಳನ್ನು ಆತ ಬರೆದಿಟ್ಟದ್ದು ಫ್ರಾಂಚೆಸ್ಕೊ ಮತ್ತು ಮರಿಯೆತ್ತಾ ಅವರ ಹೆಸರಿಗೆ.