ಎಸ್ಟಿಮೇಟ್ ಬರೆಯುತ್ತಿದ್ದ ಕೈಗೆ ಕ್ಯಾಮೆರಾ ಬಂದಾಗ: ರಾಜಾ ದೀನ್ ದಯಾಳ್

ನಮ್ಮ ಕ್ಲಾಸಲ್ಲಿ ಕ್ಯಾಮೆರಾ ಹುಚ್ಚು ಇಲ್ಲದವರು ಕಡಿಮೆ. ಭಾನುವಾರ ಬಂತು ಅಂದ್ರೆ ಯಾರಾದ್ರೂ ನಾಲ್ಕು ಜನ ಬೈಕಲ್ಲಿ ನಂದಿ ಬೆಟ್ಟ ಹತ್ತಿ ಸೂರ್ಯೋದಯದ ಫೋಟೋ ಹೊಡ್ಕೊಂಡು ಬರ್ತಾರೆ. ಕೆಲವರು ಮದುವೆ ಸೀಸನ್‌ನಲ್ಲಿ ಗೌರಿಬಿದನೂರು, ಚಿಂತಾಮಣಿ ಕಡೆ ಸ್ಟುಡಿಯೋದವರ ಜೊತೆ ಲೈಟ್ ಹಿಡಿಯೋಕೆ ಹೋಗಿ ಕೈಖರ್ಚಿಗೆ ದುಡ್ಡು ಮಾಡ್ಕೋತಾರೆ. ಈ ಸೆಮಿಸ್ಟರ್ ಶುರುವಲ್ಲಿ ಶಿಡ್ಲಘಟ್ಟದ ಗೆಳೆಯನೊಬ್ಬ ಒಂದು ಹೆಜ್ಜೆ ಮುಂದೆ ಹೋದ. ಇಂಜಿನಿಯರಿಂಗ್ ಬಿಡ್ತೀನಿ, ಫೋಟೋಗ್ರಫಿನೇ ಮಾಡ್ತೀನಿ ಅಂತ ಮನೆಯಲ್ಲಿ ಹೇಳಿಬಿಟ್ಟ. ರೇಷ್ಮೆ ಗೂಡು ಮಾರಿದ ದುಡ್ಡಲ್ಲಿ ಫೀಸ್ ಕಟ್ಟಿದ್ದ ಅವರಪ್ಪ ಎರಡು ದಿನ ಅವನ ಜೊತೆ ಮಾತೇ ಆಡಲಿಲ್ಲ.

ಹಾಸ್ಟೆಲ್‌ನಲ್ಲಿ ಅವತ್ತು ರಾತ್ರಿ ದೊಡ್ಡ ವಾದ. ಅರ್ಧ ಜನ ಮಗನ ಪರ, ಅರ್ಧ ಜನ ಅಪ್ಪನ ಪರ. ಇಂಜಿನಿಯರಿಂಗ್ ಓದಿ ಕ್ಯಾಮೆರಾ ಹಿಡಿದು ಬದುಕಿದವರು ಯಾರಾದ್ರೂ ಇದ್ದಾರಾ ಅಂತ ಹುಡುಕಿದಾಗ ನಮಗೆ ಸಿಕ್ಕಿದ್ದು ನೂರೈವತ್ತು ವರ್ಷ ಹಿಂದಿನ ಒಬ್ಬರು.

ದೀನ್ ದಯಾಳ್ ಹುಟ್ಟಿದ್ದು 1844ರಲ್ಲಿ, ಮೀರತ್ ಹತ್ತಿರದ ಸರ್ಧಾನಾದ ಒಂದು ಜೈನ ಕುಟುಂಬದಲ್ಲಿ. ಓದಿದ್ದು ರೂರ್ಕಿಯ ಥಾಮಸನ್ ಸಿವಿಲ್ ಇಂಜಿನಿಯರಿಂಗ್ ಕಾಲೇಜಿನಲ್ಲಿ. ಇವತ್ತು ನಾವೆಲ್ಲ ಆಸೆಪಟ್ಟು ಸೀಟು ಸಿಗದ ಐಐಟಿ ರೂರ್ಕಿ ಅದೇ! 1866ರಲ್ಲಿ ಅಲ್ಲಿಂದ ಹೊರಬಂದು ಇಂದೋರ್‌ನ ಲೋಕೋಪಯೋಗಿ ಇಲಾಖೆ ಸೇರಿದರು. ಮುಖ್ಯ ಎಸ್ಟಿಮೇಟರ್ ಮತ್ತು ನಕ್ಷೆಗಾರನ ಹುದ್ದೆ. ಕಟ್ಟಡಕ್ಕೆ ಎಷ್ಟು ಖರ್ಚು ಅಂತ ಲೆಕ್ಕ ಹಾಕೋದು, ಡ್ರಾಯಿಂಗ್ ಬರೆಯೋದು. ಸಂಬಳ ಬರ್ತಿತ್ತು, ಜೀವನ ನಡೀತಿತ್ತು.

ಕ್ಯಾಮೆರಾ ಕೈಗೆ ಬಂದಿದ್ದು 1874ರ ಸುಮಾರಿಗೆ. ಆಗ ಅವರ ವಯಸ್ಸು ಮೂವತ್ತು. ಹತ್ತೊಂಬತ್ತಕ್ಕೇ ಲೇಟಾಯ್ತು ಅಂತ ಗಾಬರಿಯಾಗೋ ನಾವು ಇದನ್ನ ನೆನಪಿಟ್ಟುಕೋಬೇಕು.

ಆಗಿನ ಫೋಟೋ ಅಂದ್ರೆ ಒಂದು ಲ್ಯಾಬ್ ಪ್ರಯೋಗ ಇದ್ದ ಹಾಗೆ. ಗಾಜಿನ ಹಲಗೆಗೆ ಕೊಲೋಡಿಯನ್ ಅನ್ನೋ ಅಂಟು ದ್ರವ ಸಮನಾಗಿ ಹರಡಿ, ಕತ್ತಲಲ್ಲಿ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿ, ಒದ್ದೆ ಇರುವಾಗಲೇ ಕ್ಯಾಮೆರಾಗೆ ಹಾಕಿ ಬೆಳಕು ತೋರಿಸಿ, ಒಣಗೋ ಮೊದಲೇ ತೊಳೆದು ಚಿತ್ರ ಬರಿಸಬೇಕು. ಎಲ್ಲಾ ಸೇರಿ ಸಿಗೋದು ಹತ್ತು ಹದಿನೈದು ನಿಮಿಷ. ಬಿಸಿಲಿನ ಊರಲ್ಲಿ ಇನ್ನೂ ಕಮ್ಮಿ. ಹೊರಗಡೆ ಫೋಟೋ ತೆಗೀಬೇಕಂದ್ರೆ ಡಾರ್ಕ್‌ರೂಮ್ ಡೇರೆ, ಗಾಜು, ರಾಸಾಯನಿಕ, ನೀರು ಎಲ್ಲಾ ಹೊತ್ತುಕೊಂಡೇ ಹೋಗಬೇಕು. ಅಳತೆ, ಲೆಕ್ಕ, ತಾಳ್ಮೆ ಇಲ್ಲದವರಿಗೆ ಆಗೋ ಕೆಲಸ ಅಲ್ಲ. ಇವೆಲ್ಲ ಡ್ರಾಯಿಂಗ್ ಬೋರ್ಡ್ ಮುಂದೆ ಕೂತಿದ್ದ ಮನುಷ್ಯನಿಗೆ ಮೊದಲೇ ಇದ್ದವು. ಅವರು ತೆಗೆದ ಕೋಟೆ, ದೇವಸ್ಥಾನ, ಅರಮನೆ ಫೋಟೋಗಳಲ್ಲಿ ಕಂಬಗಳು ನೆಟ್ಟಗೆ ನಿಂತಿರೋದು ನೋಡಿದ್ರೆ ಇಂಜಿನಿಯರ್ ಕಣ್ಣು ಅಂತ ಅನ್ನಿಸದೇ ಇರಲ್ಲ.

ಇಂದೋರ್‌ನ ಮಹಾರಾಜ ಎರಡನೇ ತುಕೋಜಿರಾವ್ ಹೋಳ್ಕರ್ ಮತ್ತು ಅಲ್ಲಿದ್ದ ಬ್ರಿಟಿಷ್ ಅಧಿಕಾರಿ ಹೆನ್ರಿ ಡೇಲಿ ಬೆಂಬಲ ಕೊಟ್ಟರು. 1875-76ರಲ್ಲಿ ಇಂಗ್ಲೆಂಡಿನ ಯುವರಾಜ ಭಾರತಕ್ಕೆ ಬಂದಾಗ ಅವರ ಫೋಟೋ ತೆಗೆಯೋ ಅವಕಾಶ ಬಂತು. ಆಮೇಲೆ ಲೆಪೆಲ್ ಗ್ರಿಫಿನ್ ಎಂಬ ಅಧಿಕಾರಿ ಜೊತೆ ಮಧ್ಯ ಭಾರತ ಸುತ್ತಿ ಹಳೆಯ ಸ್ಮಾರಕಗಳನ್ನ ಸೆರೆಹಿಡಿದರು. ಆ ಚಿತ್ರಗಳ ಪುಸ್ತಕ 1886ರಲ್ಲಿ ಬಂತು.

ನಮ್ಮ ವಾದಕ್ಕೆ ಉತ್ತರ ಸಿಕ್ಕಿದ್ದು ಇಲ್ಲೇ. ಇಷ್ಟೆಲ್ಲಾ ಆದರೂ ಅವರು ಕೆಲಸ ಬಿಟ್ಟಿರಲಿಲ್ಲ! ಸುಮಾರು ಹತ್ತು ವರ್ಷ ಸಂಬಳದ ಕೆಲಸ ಒಂದು ಕಡೆ, ಕ್ಯಾಮೆರಾ ಇನ್ನೊಂದು ಕಡೆ. ಮೊದಲು ಎರಡು ವರ್ಷ ದೀರ್ಘ ರಜೆ ತಗೊಂಡು ನೋಡಿದರು. 1885ರಲ್ಲಿ ವೈಸರಾಯ್ ಅವರ ಛಾಯಾಗ್ರಾಹಕರಾದರು. ಫೋಟೋದಿಂದಲೇ ಬದುಕಬಹುದು ಅಂತ ಖಚಿತ ಆದಮೇಲೇ ಸರ್ಕಾರಿ ನೌಕರಿಗೆ ಪೂರ್ತಿ ವಿದಾಯ. ನಮ್ಮ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದ್ದು 1884ರಲ್ಲಿ. ಒಬ್ಬ ಇಂಜಿನಿಯರ್ ಒಳಗೆ ಹೋಗ್ತಿದ್ದ ಕಾಲಕ್ಕೇ ಇನ್ನೊಬ್ಬರು ಹೊರಗೆ ಬರ್ತಿದ್ರು. ಇಬ್ಬರೂ ತಪ್ಪು ಮಾಡಲಿಲ್ಲ.

ದೀನ್ ದಯಾಳ್ ಹೊರಟಿದ್ದು ಹೈದರಾಬಾದಿಗೆ, ಆರನೇ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನಕ್ಕೆ. ಆಗ ನಮ್ಮ ಬೀದರ್, ಕಲಬುರಗಿ, ರಾಯಚೂರು ಎಲ್ಲಾ ಅದೇ ಸಂಸ್ಥಾನದಲ್ಲಿದ್ದವು. ಸಿಕಂದರಾಬಾದಿನಲ್ಲಿ ಸ್ಟುಡಿಯೋ ಶುರುವಾಯ್ತು. ನಿಜಾಮರ ಬೇಟೆ, ಔತಣ, ಅರಮನೆ, ಸೈನ್ಯ ಎಲ್ಲದಕ್ಕೂ ಇವರ ಕ್ಯಾಮೆರಾ. ಆದರೆ ಅವರು ಬರೀ ರಾಜನ ಆರ್ಡರ್ ಕಾಯ್ತಾ ಕೂರಲಿಲ್ಲ. ಸ್ಟುಡಿಯೋಗೆ ಬಂದವರ ಭಾವಚಿತ್ರ ತೆಗೆದರು, ಊರುಗಳ ದೃಶ್ಯಗಳನ್ನ ಪ್ರಿಂಟ್ ಹಾಕಿ ಮಾರಿದರು. ನೆಗೆಟಿವ್‌ಗಳಿಗೆ ನಂಬರ್ ಕೊಟ್ಟರು. ಅದರಿಂದ ಹಳೇ ಚಿತ್ರದ ಪ್ರತಿ ಬೇಕು ಅಂದವರಿಗೆ ಹುಡುಕಿ ಕೊಡೋದು ಸುಲಭ.

ಅವರ ವ್ಯಾಪಾರದ ಬುದ್ಧಿ ನಮಗೆ ತುಂಬಾ ಹಿಡಿಸಿದ್ದು 1892ರ ಜನಾನಾ ಸ್ಟುಡಿಯೋ ವಿಷಯದಲ್ಲಿ. ಪರ್ದಾ ಪಾಲಿಸೋ ಹೆಣ್ಣುಮಕ್ಕಳು ಗಂಡಸರ ಮುಂದೆ ಬಂದು ಫೋಟೋ ತೆಗೆಸಿಕೊಳ್ಳೋದು ಆಗ ಸಾಧ್ಯವೇ ಇರಲಿಲ್ಲ. ಅದಕ್ಕೆ ಹೈದರಾಬಾದಿನಲ್ಲಿ ಹೆಂಗಸರಿಗಂತಲೇ ಬೇರೆ ಸ್ಟುಡಿಯೋ ಮಾಡಿ, ಅದನ್ನ ನಡೆಸೋಕೆ ಶ್ರೀಮತಿ ಕೆನ್ನಿ-ಲೆವಿಕ್ ಅನ್ನೋ ಮಹಿಳೆಯನ್ನೇ ಇಟ್ಟರು. ಬೇರೆಯವರಿಗೆ ಕಾಣದ ಗಿರಾಕಿ ಇವರಿಗೆ ಕಂಡಿದ್ದರು.

1894ರಲ್ಲಿ ನಿಜಾಮರು ರಾಜಾ ಬಹಾದ್ದೂರ್ ಮುಸವ್ವಿರ್ ಜಂಗ್ ಎಂಬ ಬಿರುದು ಕೊಟ್ಟರು. ಮುಸವ್ವಿರ್ ಅಂದ್ರೆ ಚಿತ್ರಕಾರ. 1896ರಲ್ಲಿ ಮುಂಬೈನಲ್ಲೂ ಸ್ಟುಡಿಯೋ ತೆರೆಯಿತು. 1897ರಲ್ಲಿ ವಿಕ್ಟೋರಿಯಾ ರಾಣಿಯ ಛಾಯಾಗ್ರಾಹಕ ಅನ್ನೋ ಮನ್ನಣೆಯೂ ಬಂತು. ಮಕ್ಕಳಾದ ಜ್ಞಾನ್ ಚಂದ್, ಧರಮ್ ಚಂದ್ ಕೂಡ ಇದೇ ಕೆಲಸಕ್ಕೆ ಇಳಿದಿದ್ದರು.

ಕೊನೆ ಮಾತ್ರ ಸಿನಿಮಾ ಥರ ಇಲ್ಲ. 1904ರಲ್ಲಿ ಮಗ ಧರಮ್ ಚಂದ್ ತೀರಿಕೊಂಡರು. ಮರುವರ್ಷ, 1905ರ ಜುಲೈನಲ್ಲಿ, ಅಪ್ಪನೂ ಹೋದರು. 1911ರಲ್ಲಿ ಆರನೇ ನಿಜಾಮರೂ ಇಲ್ಲವಾದರು. ಆಮೇಲೆ ಆ ಸಂಸ್ಥೆಗೆ ಹಳೇ ವೈಭವ ಬರಲಿಲ್ಲ. ದೊಡ್ಡ ಗಿರಾಕಿಯೊಬ್ಬರನ್ನೇ ನಂಬಿದ ವ್ಯಾಪಾರದ ಕಷ್ಟ ಅದು. ಉಳಿದಿದ್ದು ಗಾಜು. 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ ಅವರ 2,857 ಗಾಜಿನ ನೆಗೆಟಿವ್‌ಗಳನ್ನ ತಗೊಂಡಿತು. 2006ರಲ್ಲಿ ಅಂಚೆ ಚೀಟಿ ಬಂತು.

ಈ ಕಥೆಯನ್ನ ನಾವು ಗೆಳೆಯನಿಗೂ ಹೇಳಿದ್ವಿ. ಅವನು ಜಾಸ್ತಿ ಏನೂ ಮಾತಾಡಲಿಲ್ಲ. ಮುಂದಿನ ವಾರ ಊರಿಗೆ ಹೋಗುವಾಗ ಒಂದು ನೋಟ್‌ಬುಕ್ ತಗೊಂಡು ಹೋದ. ಕ್ಯಾಮೆರಾ, ಲೆನ್ಸ್, ಲೈಟು, ಓಡಾಟದ ಖರ್ಚು ಒಂದು ಕಡೆ. ಯಾವ ತಿಂಗಳಲ್ಲಿ ಎಷ್ಟು ಮದುವೆ ಸಿಗಬಹುದು ಅನ್ನೋದು ಇನ್ನೊಂದು ಕಡೆ. ಆಷಾಢದ ಮುಂದೆ ಸೊನ್ನೆ ಬರೆದಿದ್ದ. ಡಿಗ್ರಿ ಮುಗಿಯೋವರೆಗೆ ಶನಿವಾರ, ಭಾನುವಾರ ಮಾತ್ರ ಕೆಲಸ ಅಂತ ಕೆಳಗೆ ಬರೆದಿದ್ದ. ಅವರಪ್ಪ ಅದನ್ನ ಪೂರ್ತಿ ಓದಿದರಂತೆ. ಗೂಡಿನ ರೇಟ್ ಲೆಕ್ಕ ಹಾಕಿ ಅಭ್ಯಾಸ ಇರೋ ಮನುಷ್ಯ, ಎರಡು ಕಡೆ ಕೂಡಿದ್ದು ತಪ್ಪಾಗಿದೆ ಅಂತ ಪೆನ್ನಲ್ಲಿ ತಿದ್ದಿ ಕೊಟ್ಟರಂತೆ.