ಗಾಜಿನ ಕೆಲಸಗಾರ ಕಂಡ ಕಪ್ಪುಗೆರೆಗಳು

ಸೌರವ್ಯೂಹದ ಆಚೆಗಿನ ಗ್ರಹವೊಂದರ ವಾಯುಮಂಡಲದ ಸುಳಿವು ಮೊದಲ ಬಾರಿಗೆ ದೊರೆತಿದೆಯೆಂದು 2001ರ ನವೆಂಬರಿನಲ್ಲಿ ಅಮೆರಿಕದ ಖಗೋಳವಿಜ್ಞಾನಿಗಳ ತಂಡವೊಂದು ಪ್ರಕಟಿಸಿತು. ಸುಮಾರು 160 ಜ್ಯೋತಿರ್ವರ್ಷ ದೂರದ ಆ ಗ್ರಹದ ಹೆಸರು ಎಚ್‌ಡಿ 209458 ಬಿ. ಅದನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ. ತನ್ನ ನಕ್ಷತ್ರದ ಮುಂದೆ ಅದು ಹಾದುಹೋಗುವಾಗ ಅದರ ಅಂಚಿನ ಅನಿಲದೊಳಗಿಂದ ನುಸುಳಿ ಬಂದ ಬೆಳಕನ್ನು ಹಬಲ್ ದೂರದರ್ಶಕ ಹಿಡಿದಿತ್ತು. ಆ ಬೆಳಕಿನ ಹಳದಿ ಭಾಗದ ಒಂದು ಕಿರಿದಾದ ಜಾಗ ಹತ್ತು ಸಾವಿರದಲ್ಲಿ ಎರಡು ಪಾಲಿನಷ್ಟು ಹೆಚ್ಚು ಮಂಕಾಗಿತ್ತು. ಅಲ್ಲಿ ಸೋಡಿಯಂ ಇದೆಯೆನ್ನಲು ಇದ್ದ ಸಾಕ್ಷಿ ಅಷ್ಟೇ. ಆ ಜಾಗವನ್ನು ವಿಜ್ಞಾನಿಗಳು ಇಂದಿಗೂ ಕರೆಯುವುದು ‘ಡಿ’ ಗೆರೆ ಎಂದು. ಅಲ್ಲಿ ಆ ಅಕ್ಷರವನ್ನು ಬರೆದವನು ವಿದ್ಯಾರ್ಥಿಯಾಗಿ ಎಂದೂ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದಿದ್ದ, ಬವೇರಿಯಾದ ಗಾಜಿನ ಕೆಲಸಗಾರ ಯೋಸೆಫ್ ಫ್ರಾನ್‌ಹೋಫರ್.

1787ರ ಮಾರ್ಚ್ 6ರಂದು ಸ್ಟ್ರೌಬಿಂಗ್ ಎಂಬ ಊರಿನಲ್ಲಿ, ಗಾಜು ಕೂರಿಸುವ ಕಸುಬಿನವನ ಹನ್ನೊಂದನೆಯ ಮಗುವಾಗಿ ಆತ ಹುಟ್ಟಿದ. ಹನ್ನೊಂದರ ವಯಸ್ಸಿಗೆ ತಂದೆ ತಾಯಿ ಇಬ್ಬರೂ ತೀರಿಕೊಂಡಿದ್ದರು. ಪೋಷಕರು ಹುಡುಗನನ್ನು ಮ್ಯೂನಿಕ್‌ನಲ್ಲಿ ಕನ್ನಡಿ ತಯಾರಕನೊಬ್ಬನ ಬಳಿ ಕೆಲಸ ಕಲಿಯಲು ಬಿಟ್ಟರು. ಆ ಯಜಮಾನ ಭಾನುವಾರದ ಶಾಲೆಗೆ ಹೋಗಲೂ ಬಿಡುತ್ತಿರಲಿಲ್ಲ. 1801ರ ಜುಲೈ 21ರಂದು ಆ ಮನೆ ಕುಸಿದುಬಿತ್ತು. ಯಜಮಾನನ ಹೆಂಡತಿ ಸತ್ತಳು. ಹುಡುಗನನ್ನು ಹಲವು ಗಂಟೆಗಳ ನಂತರ ಅವಶೇಷದಡಿಯಿಂದ ಜೀವಂತ ಹೊರತೆಗೆದರು. ಸ್ಥಳಕ್ಕೆ ಬಂದಿದ್ದ ದೊರೆ ಮ್ಯಾಕ್ಸಿಮಿಲಿಯನ್ ಯೋಸೆಫ್ ಕನಿಕರಗೊಂಡು ಕೈಗೆ 18 ಡುಕಟ್ ನಾಣ್ಯಗಳನ್ನಿತ್ತ. ಉದ್ಯಮಿ ಉಟ್ಸ್‌ಶ್ನೈಡರ್ ಪುಸ್ತಕಗಳನ್ನು ಕೊಟ್ಟ. ಆ ಹಣದಿಂದ ಫ್ರಾನ್‌ಹೋಫರ್ ಮಾಡಿದ್ದು ಎರಡು ಕೆಲಸ: ಗಾಜು ಉಜ್ಜುವ ಯಂತ್ರವೊಂದನ್ನು ಕೊಂಡ, ಉಳಿದ ಕರಾರಿನ ಅವಧಿಗೆ ಬೆಲೆ ತೆತ್ತು ಯಜಮಾನನಿಂದ ಬಿಡುಗಡೆ ಪಡೆದ.

1806ರಲ್ಲಿ ಉಟ್ಸ್‌ಶ್ನೈಡರ್ ತಾನು ಪಾಲುದಾರನಾಗಿದ್ದ ಉಪಕರಣ ಸಂಸ್ಥೆಗೆ ಆತನನ್ನು ಸೇರಿಸಿಕೊಂಡ. ಆಲ್ಪ್ಸ್ ತಪ್ಪಲಿನ ಬೆನೆಡಿಕ್ಟ್‌ಬೋಯರ್ನ್‌ನಲ್ಲಿ, ಸರ್ಕಾರ ವಶಪಡಿಸಿಕೊಂಡಿದ್ದ ಹಳೆಯ ಕ್ರೈಸ್ತ ಮಠವೊಂದರ ಕಟ್ಟಡಗಳಲ್ಲಿ ಗಾಜಿನ ಕುಲುಮೆಗಳು ಉರಿಯುತ್ತಿದ್ದವು. ಅಂದಿನ ಗಾಜಿನಲ್ಲಿ ಗುಳ್ಳೆ, ನೂಲಿನಂಥ ಎಳೆಗಳು ಉಳಿಯುತ್ತಿದ್ದವು. ಮಸೂರದ ಅಂಚಿನಲ್ಲಿ ಬಣ್ಣಗಳು ಒಡೆಯುತ್ತಿದ್ದವು. ಬಣ್ಣ ಒಡೆಯದಂತೆ ಎರಡು ಬಗೆಯ ಗಾಜನ್ನು ಜೋಡಿಸಬೇಕೆಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಯಾವ ಗಾಜು ಯಾವ ಬಣ್ಣವನ್ನು ಎಷ್ಟು ಬಾಗಿಸುತ್ತದೆ ಎಂದು ಕರಾರುವಾಕ್ಕಾಗಿ ಅಳೆಯುವುದು ಹೇಗೆ? ಕಾಮನಬಿಲ್ಲಿನಲ್ಲಿ ಹಳದಿ ಎಲ್ಲಿ ಮುಗಿದು ಕೇಸರಿ ಎಲ್ಲಿ ಮೊದಲಾಗುತ್ತದೆಂದು ಬೆರಳಿಟ್ಟು ತೋರಿಸಲಾಗದು. ಬಣ್ಣಗಳ ನಡುವೆ ಕದಲದ ಗುರುತೊಂದು ಬೇಕಿತ್ತು. ಅದು ಆಕಾಶದ ಕುತೂಹಲವಲ್ಲ, ಕಾರ್ಖಾನೆಯ ಅಗತ್ಯ.

1814ರಲ್ಲಿ ಆತ ಕಿಟಕಿಯ ಕಿರುಸೀಳಿನಿಂದ ಬಂದ ಬಿಸಿಲನ್ನು ತನ್ನ ಉತ್ತಮ ಗಾಜಿನ ಪಟ್ಟಕದ ಮೂಲಕ ಹಾಯಿಸಿ, ಹೊಮ್ಮಿದ ವರ್ಣಪಟಲವನ್ನು ಪುಟ್ಟ ದೂರದರ್ಶಕದಿಂದ ನೋಡಿದ. ಬಣ್ಣದ ಪಟ್ಟಿಯ ಉದ್ದಕ್ಕೂ ಲೆಕ್ಕವಿಲ್ಲದಷ್ಟು ಕಪ್ಪುಗೆರೆಗಳಿದ್ದವು. ಇಂಗ್ಲೆಂಡಿನ ವೊಲಾಸ್ಟನ್ 1802ರಲ್ಲೇ ಕೆಲವನ್ನು ಕಂಡಿದ್ದನಾದರೂ, ಅವುಗಳಲ್ಲಿ ಹಲವು ಬಣ್ಣಗಳ ನಡುವಿನ ಗಡಿಗಳೆಂದು ಭಾವಿಸಿ ಸುಮ್ಮನಾಗಿದ್ದ. ಫ್ರಾನ್‌ಹೋಫರ್ ಸುಮ್ಮನಾಗಲಿಲ್ಲ. 574 ಗೆರೆಗಳನ್ನು ಎಣಿಸಿದ. ಎದ್ದು ಕಾಣುವವಕ್ಕೆ ಕೆಂಪಿನ ತುದಿಯಿಂದ ಎ, ಬಿ, ಸಿ, ಡಿ ಎಂದು ಅಕ್ಷರಗಳನ್ನಿಟ್ಟ. ದೋಷ ತನ್ನ ಉಪಕರಣದ್ದಲ್ಲ ಎಂದು ಖಚಿತಪಡಿಸಿಕೊಳ್ಳಲು ಶುಕ್ರಗ್ರಹದತ್ತ ತಿರುಗಿಸಿದಾಗ ಅಲ್ಲಿಯೂ ಬಿಸಿಲಿನ ಗೆರೆಗಳೇ ಕಂಡವು. ಲುಬ್ಧಕ ನಕ್ಷತ್ರದಲ್ಲಿ ಬೇರೆಯೇ ಗೆರೆಗಳಿದ್ದವು. ದೀಪದ ಜ್ವಾಲೆಯ ಹೊಳೆವ ಹಳದಿ ಗೆರೆ ಬಿಸಿಲಿನ ಕಪ್ಪು ‘ಡಿ’ ಇರುವಲ್ಲಿಯೇ ಬೀಳುವುದನ್ನೂ ಆತ ಬರೆದಿಟ್ಟ. ಏಕೆಂದು ತಿಳಿಯಲಿಲ್ಲ. ತನಗೆ ಬೇಕಿದ್ದ ಗುರುತು ಸಿಕ್ಕಿತ್ತು. ಮಸೂರಗಳ ಕೆಲಸಕ್ಕೆ ಮರಳಿದ. ಬಿಸಿ ಸೋಡಿಯಂ ಬೀರುವ ಬೆಳಕನ್ನೇ ಸೋಡಿಯಂ ಆವಿ ಹೀರಿಕೊಳ್ಳುತ್ತದೆಂದು ಕಿರ್ಕಾಫ್ ಮತ್ತು ಬುನ್ಸೆನ್ ಹೈಡಲ್‌ಬರ್ಗ್‌ನಲ್ಲಿ ವಿವರಿಸಲು 1859 ಬರಬೇಕಾಯಿತು.

1817ರಲ್ಲಿ ಬವೇರಿಯಾದ ವಿಜ್ಞಾನ ಅಕಾಡೆಮಿ ಆತನ ಪ್ರಬಂಧವನ್ನು ಪ್ರಕಟಿಸಿತು, ಹೊರಗಿನ ಸದಸ್ಯತ್ವವನ್ನೂ ನೀಡಿತು. ಮುಂದೆ ಸ್ಥಾನ ಮೇಲೇರಿಸುವ ಮಾತು ಬಂದಾಗ ಕೆಲವು ವಿದ್ವಾಂಸರು ಎದ್ದುನಿಂತರು. ಪದವಿಯಿಲ್ಲದ ಕುಶಲಕರ್ಮಿಗೆ ಪಂಡಿತರ ಸಾಲಿನಲ್ಲಿ ಆಸನವೇ ಎಂಬುದು ಅವರ ಆಕ್ಷೇಪ. ಇದು ಬರಿಯ ಜಂಭವೆಂದು ತಳ್ಳಿಹಾಕುವುದು ಸುಲಭ. ಬಹುಪಾಲು ಜಂಭವೇ ಹೌದು. ಆದರೆ ಇನ್ನೊಂದು ಮುಖವೂ ಇದೆ. ಬೆಳಕಿನ ಬಗ್ಗೆ ಕಂಡದ್ದೆಲ್ಲವನ್ನೂ ಪ್ರಕಟಿಸಿದ ಫ್ರಾನ್‌ಹೋಫರ್ ಗಾಜು ಕಾಯಿಸುವ ಬಗೆಯನ್ನು ಮಾತ್ರ ಯಾರಿಗೂ ತೋರಿಸಲಿಲ್ಲ. ಅದು ಸಂಸ್ಥೆಯ ವ್ಯಾಪಾರದ ಗುಟ್ಟು. 1820ರ ದಶಕದ ಉತ್ತರಾರ್ಧದಲ್ಲಿ ಫ್ಯಾರಡೆಯಂಥ ಪ್ರತಿಭಾವಂತನೇ ಇಂಗ್ಲೆಂಡಿನಲ್ಲಿ ವರ್ಷಗಟ್ಟಲೆ ಶ್ರಮಿಸಿದರೂ ಆ ಗಾಜಿಗೆ ಸರಿಸಾಟಿ ತಯಾರಿಸಲಾಗಲಿಲ್ಲ. ಹಂಚಿಕೊಳ್ಳದ ಅರಿವು ವಿಜ್ಞಾನವಾದೀತೆ ಎಂಬ ಪ್ರಶ್ನೆಯನ್ನು ಪಂಡಿತರು ಕೇಳಿದ್ದರೆ ಅವರ ಮಾತಿಗೆ ಹೆಚ್ಚು ತೂಕ ಬರುತ್ತಿತ್ತು. ಅವರು ಕೇಳಿದ್ದು ಪದವಿಯನ್ನು.

ಆತ ಕಾದು ಕೂರಲಿಲ್ಲ. ತೆಳುವಾದ ತಂತಿಗಳನ್ನು ಒತ್ತಾಗಿ ಜೋಡಿಸಿ, ಬಳಿಕ ಗಾಜಿನ ಮೇಲೆ ಸಮಾನಾಂತರ ಗೆರೆ ಕೊರೆದು ವಿವರ್ತನ ಜಾಲಕಗಳನ್ನು ನಿರ್ಮಿಸಿದ. ‘ಡಿ’ ಗೆರೆಯ ತರಂಗದೂರವನ್ನೇ ಅಳೆದ. 1824ರಲ್ಲಿ ಡೋರ್ಪಾಟ್ ವೀಕ್ಷಣಾಲಯಕ್ಕೆ ಆತ ಕಳುಹಿಸಿದ 24 ಸೆಂ.ಮೀ. ಮಸೂರದ ದೂರದರ್ಶಕ ಆ ಬಗೆಯವುಗಳಲ್ಲಿ ಅಂದು ಜಗತ್ತಿಗೇ ದೊಡ್ಡದು. ಎರ್ಲಾಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು, ದೊರೆ ಕುಲೀನ ಪದವಿ ಕೊಟ್ಟ. 1826ರ ಜೂನ್ 7ರಂದು, 39ನೆಯ ವಯಸ್ಸಿನಲ್ಲಿ, ಅವಿವಾಹಿತನಾಗಿಯೇ ಕ್ಷಯದಿಂದ ತೀರಿಕೊಂಡ. ಎಳವೆಯಿಂದಲೂ ನಾಜೂಕಾಗಿದ್ದ ದೇಹಕ್ಕೆ ಕುಲುಮೆಯ ಬಳಿಯ ದುಡಿಮೆ ಒಳಿತನ್ನಂತೂ ಮಾಡಿರಲಾರದು. ಬೆಸೆಲ್ 1838ರಲ್ಲಿ ನಕ್ಷತ್ರವೊಂದರ ದೂರವನ್ನು ಅಳೆದದ್ದು ಆತ ಆರಂಭಿಸಿ, ಸತ್ತ ಮೇಲೆ ಪೂರ್ಣಗೊಂಡ ಉಪಕರಣದಿಂದ.

ಎಚ್‌ಡಿ 209458 ಬಿಯ ಸೋಡಿಯಂ ಕುರಿತು 2020ರಿಂದೀಚೆಗೆ ಮತ್ತೆ ತಕರಾರು ಎದ್ದಿದೆ. ಆ ಮಂಕು ನಕ್ಷತ್ರದ ಆವರ್ತನೆಯಿಂದಲೇ ಉಂಟಾದ ಭ್ರಮೆಯಿರಬಹುದೆಂಬ ವಾದವಿದೆ. ಇಷ್ಟು ಸೂಕ್ಷ್ಮ ಅಳತೆಯಲ್ಲಿ ಅದು ಸಹಜವೇ. ವಿಧಾನ ಮಾತ್ರ ಗಟ್ಟಿಯಾಗಿ ನಿಂತಿದೆ. ಜೇಮ್ಸ್ ವೆಬ್ ದೂರದರ್ಶಕ 2022ರಲ್ಲಿ ವಾಸ್ಪ್-39 ಬಿ ಎಂಬ ಗ್ರಹವನ್ನು ನೋಡಿದಾಗ ಇಂಗಾಲದ ಡೈಆಕ್ಸೈಡ್, ನೀರಾವಿಗಳೊಂದಿಗೆ ಸೋಡಿಯಂ ಕೂಡ ಕಂಡಿತು.

ಫ್ರಾನ್‌ಹೋಫರನ ಅಕ್ಷರಮಾಲೆಯಲ್ಲಿ ಇನ್ನೊಂದು ವಿಚಿತ್ರವಿದೆ. ‘ಎ’ ಮತ್ತು ‘ಬಿ’ ಸೂರ್ಯನವೇ ಅಲ್ಲ. ಬಿಸಿಲು ನಮ್ಮ ಗಾಳಿಯನ್ನು ಹಾದು ಬರುವಾಗ ಇಲ್ಲಿನ ಆಮ್ಲಜನಕ ಎಳೆದ ಗೆರೆಗಳು ಅವು. ಜೀವಿಗಳಿರುವ ಒಂದು ಗ್ರಹದ ಗಾಳಿಯ ಗುರುತನ್ನು, ಏನೆಂದರಿಯದೆ, ಆತ ಎಲ್ಲಕ್ಕಿಂತ ಮೊದಲಿಗೆ ಬರೆದಿಟ್ಟಿದ್ದ. ಚಿಲಿಯ ಮರುಭೂಮಿಯ ಬೆಟ್ಟವೊಂದರ ಮೇಲೆ ಯುರೋಪಿನ ದೇಶಗಳು ಕಟ್ಟುತ್ತಿರುವ 39 ಮೀಟರ್ ದರ್ಪಣದ ದೂರದರ್ಶಕ ಪೂರ್ಣಗೊಂಡ ಮೇಲೆ, ಹತ್ತಿರದ ನಕ್ಷತ್ರಗಳ ಕಲ್ಲುಗ್ರಹಗಳಲ್ಲಿ ಖಗೋಳವಿಜ್ಞಾನಿಗಳು ಹುಡುಕಲಿರುವ ಗುರುತುಗಳಲ್ಲಿ ಆ ‘ಎ’ ಕೂಡ ಒಂದು.